‘ವ’ ಎಂದು ಬರೆದಿದ್ದ ಟ್ಯೂಬು

ಹೋದ ತಿಂಗಳು ವಾಲ್ನಟ್ ಕ್ರೀಕಿನ ನಮ್ಮ ಮನೆಗೆ ಮೇಘನಾ ಎಂಬ ಹುಡುಗಿ ಬಂದಿದ್ದಳು. ನಮಗೆ ದೇವಸ್ಥಾನದಲ್ಲಿ ಪರಿಚಯವಾದವರ ಮಗಳು. ಓದು ಮುಗಿಸಿ ಜೆನೆಟಿಕ್ಸ್ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. “ಆಂಟಿ, ಟ್ರೇನಿಂಗ್‌ನಲ್ಲಿ ಮೆಷೀನ್ ಬಗ್ಗೆ ಎಲ್ಲಾ ಹೇಳ್ಕೊಟ್ರು. ಜಾಬು ರಿಯಲಿ ಹೇಗಿರತ್ತೆ ಅಂತ ಯಾರೂ ಹೇಳ್ಲಿಲ್ಲ,” ಎಂದಳು. ನಾನು ಅವಳಿಗೆ ಅವಲಕ್ಕಿ ಕೊಟ್ಟು, ಬಾಯಿಗೆ ಬಂದದ್ದನ್ನು ಹೇಳಿ ಕಳಿಸಿದೆ. ಅವಳ ಕಾರು ತಿರುವು ದಾಟಿದ ಮೇಲೆ, ಹೇಳಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನಗಳ ಸುದ್ದಿ ಇದರಲ್ಲಿಲ್ಲ. ಸಿಕ್ಕ ಒಂದೆರಡು ಫಲಕಗಳು ಗರಾಜಿನಲ್ಲಿ ಹಳೆಯ ಕುಕ್ಕರಿನ ಪಕ್ಕ ಇವೆ. ಇದರಲ್ಲಿ ಇರುವುದು ನಾನು ಮಾಡಿದ ಕೆಲಸ, ಮಾಡಿದ ತಪ್ಪುಗಳು, ಮತ್ತು ವತ್ಸಲಾ. ವತ್ಸಲಾ ನನ್ನ ಪಕ್ಕದ ಬೆಂಚಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದವಳು. ಅವಳಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಹೇಳಲಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾದರೂ ಬೆಳಿಗ್ಗೆ ಕಾಫಿ ಕುಡಿಯುವಾಗ ನೆನಪಾಗುವುದು ಅದೇ.

ಮೊದಲು ಕೆಲಸ ಏನು ಎಂದು ಹೇಳಬೇಕು. ನಮ್ಮ ಲ್ಯಾಬು ರೆಡ್‌ವುಡ್ ಸಿಟಿಯಲ್ಲಿತ್ತು. ನನ್ನ ಪಾಲಿಗೆ ಬಂದದ್ದು ನರಗಳ ಒಂದು ವಂಶಪಾರಂಪರ್ಯದ ಕಾಯಿಲೆ. ನರಗಳ ಮೇಲಿನ ಹೊದಿಕೆಗೆ ಬೇಕಾದ ಒಂದು ಪ್ರೋಟೀನು, ಅದನ್ನು ತಯಾರಿಸಲು ಒಂದು ಜೀನು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಒಟ್ಟು ಎರಡು ಪ್ರತಿ ಇರಬೇಕು. ಕೆಲವರಲ್ಲಿ ಮೂರು ಇರುತ್ತವೆ. ಅವರ ಪಾದ ಚಿಕ್ಕಂದಿನಲ್ಲೇ ಕಮಾನಿನ ಹಾಗೆ ಬಾಗುತ್ತದೆ, ಮೀನಖಂಡ ಸಣಕಲಾಗುತ್ತದೆ, ನಡೆಯುವಾಗ ಮುಂಗಾಲು ಎತ್ತಲಾಗದೆ ಎಡವುತ್ತಾರೆ. ಇನ್ನು ಕೆಲವರಲ್ಲಿ ಒಂದೇ ಪ್ರತಿ ಇರುತ್ತದೆ. ಅವರು ನೋಡಲು ಗಟ್ಟಿಮುಟ್ಟು. ಆದರೆ ನರದ ಮೇಲೆ ಸ್ವಲ್ಪ ಒತ್ತಡ ಬಿದ್ದರೂ, ಕಾಲ ಮೇಲೆ ಕಾಲು ಹಾಕಿ ಕುಳಿತರೂ, ಮೊಣಕೈ ಊರಿ ಪುಸ್ತಕ ಓದಿದರೂ, ಆ ಕೈಯೋ ಕಾಲೋ ಸತ್ತ ಹಾಗಾಗುತ್ತದೆ. ಒಮ್ಮೊಮ್ಮೆ ಗಂಟೆಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ. ಸಾರಿಗೆ ಉಪ್ಪು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ, ಹಾಗೆ.

ಇದನ್ನು ಪತ್ತೆ ಮಾಡುವುದರಲ್ಲಿ ಒಂದು ತೊಡಕಿದೆ. ಜೀನನ್ನು ಅಕ್ಷರ ಅಕ್ಷರವಾಗಿ ಓದಿದರೆ ಏನೂ ತಪ್ಪು ಕಾಣುವುದಿಲ್ಲ. ಪುಸ್ತಕ ಹೊಲಿಯುವವನು ಒಂದು ಹಾಳೆಯನ್ನು ಎರಡು ಸಲ ಹೊಲಿದಿದ್ದರೆ, ಅಥವಾ ಒಂದು ಹಾಳೆ ಬಿಟ್ಟೇ ಹೊಲಿದಿದ್ದರೆ, ಕಾಗುಣಿತ ತಿದ್ದುವವರಿಗೆ ಅದು ಸಿಗುವುದಿಲ್ಲ. ಪುಟ ಎಣಿಸುವವರಿಗೆ ಸಿಗುತ್ತದೆ. ನಾವು ಪುಟ ಎಣಿಸುವವರು. ರೋಗಿಯ ಡಿಎನ್‌ಎಯನ್ನು ಆರೋಗ್ಯವಂತರ ಡಿಎನ್‌ಎ ಪಕ್ಕದಲ್ಲಿಟ್ಟು ಅಳೆಯುತ್ತಿದ್ದೆವು. ಇಬ್ಬರದೂ ಸಮವಾಗಿದ್ದರೆ ಉತ್ತರ ಒಂದು. ಒಂದು ಪ್ರತಿ ಹೆಚ್ಚಿದ್ದರೆ ಒಂದೂವರೆ. ಒಂದು ಪ್ರತಿ ಕಡಿಮೆಯಿದ್ದರೆ ಅರ್ಧ. ಇಪ್ಪತ್ತೇಳು ವರ್ಷ ನಾನು ಮಾಡಿದ ಲೆಕ್ಕ ಇಷ್ಟೇ. ಧಾರವಾಡದ ಕನ್ನಡ ಶಾಲೆಯ ನನ್ನ ಮೇಷ್ಟ್ರು ಇದನ್ನು ಕೇಳಿದ್ದರೆ, ಅಷ್ಟು ದೂರ ಹೋಗಿ ಕಾಲು-ಅರ್ಧ-ಮುಕ್ಕಾಲು ಮಗ್ಗಿ ಹೇಳುತ್ತಿದ್ದೀಯೇನು ಎಂದು ನಗುತ್ತಿದ್ದರು.

ಕಾಯಿಲೆಯ ಹೆಸರಿನಿಂದಲೂ ಪೇಚಾಟ ಇತ್ತು. ಮೂರು ಪ್ರತಿ ಇರುವ ಬಗೆಗೆ ಅದನ್ನು ಕಂಡುಹಿಡಿದ ಮೂವರು ವೈದ್ಯರ ಹೆಸರಿದೆ. ಮೂರನೆಯವರ ಮನೆತನದ ಹೆಸರು ಇಂಗ್ಲಿಷಿನಲ್ಲಿ ಹಲ್ಲು ಎಂದಾಗುತ್ತದೆ. ಒಬ್ಬ ಇನ್ಶೂರೆನ್ಸಿನವನು ನಮಗೆ ಫೋನು ಮಾಡಿ, ಇದು ಹಲ್ಲಿನ ಪರೀಕ್ಷೆ, ಹಲ್ಲಿನ ಪಾಲಿಸಿಗೆ ಕಳಿಸಿ ಎಂದು ಇಪ್ಪತ್ತು ನಿಮಿಷ ವಾದ ಮಾಡಿದ. ವತ್ಸಲಾ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಬಹಳ ಮರ್ಯಾದೆಯಿಂದ, ರೋಗಿಯ ಹಲ್ಲುಗಳೆಲ್ಲ ನಡೆಯುವಾಗ ಎಡವುತ್ತಿವೆ, ಅದಕ್ಕೇ ಪರೀಕ್ಷೆ ಎಂದು ಹೇಳಿ ಇಟ್ಟಳು.

ವತ್ಸಲಾ ಮೈಸೂರಿನವಳು. ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೋಟಿನ ಮೇಲಿದ್ದ ಹೆಸರಿನ ಪಟ್ಟಿ ನೋಡಿ, “ಸುಮಿತ್ರಾ ಅಂದ್ರೆ ಕನ್ನಡದೋರಾ ನೀವು?” ಎಂದು ಕೇಳಿದಳು. “ಹೌದ್ರಿ, ಧಾರವಾಡ,” ಎಂದೆ. “ಅಯ್ಯೋ, ಹಾಗಾದ್ರೆ ಟ್ರಾನ್ಸ್‌ಲೇಟರ್ ಬೇಕಾಗತ್ತೆ,” ಎಂದು ನಕ್ಕಳು. ಒಂದು ವಾರದಲ್ಲಿ ನೀವು ಹೋಗಿ ನೀನು ಬಂತು. ಅವಳ ಅಪಾರ್ಟ್‌ಮೆಂಟು ನಮ್ಮ ಮನೆಯಿಂದ ಎರಡೇ ರಸ್ತೆ ಆಚೆ. ಒಂದು ದಿನ ಅವಳ ಕಾರು, ಒಂದು ದಿನ ನನ್ನದು. ಹೋಗುತ್ತಾ ಬರುತ್ತಾ ಸೇತುವೆ ದಾಟಿ ಎರಡೂವರೆ ಗಂಟೆಯ ಹಾದಿ, ಅಷ್ಟೂ ಹೊತ್ತು ಮಾತು. ಅತ್ತೆಯ ಬಗ್ಗೆ, ಬಿಸಿಬೇಳೆಬಾತಿಗೆ ಚಕ್ಕೆ ಎಷ್ಟು ಎಂಬ ಬಗ್ಗೆ, ಕನ್ನಡದಲ್ಲಿ ಬೈದರೆ ಅವಳ ಮಗಳು ಅನು ಇಂಗ್ಲಿಷಿನಲ್ಲಿ ತಿರುಗಿ ಬೈಯುವುದರ ಬಗ್ಗೆ. ಆ ಮಾತುಗಳಿಗಾಗಿ ಈಗ ಎಷ್ಟು ಹಂಬಲಿಸುತ್ತೇನೆ ಎಂದು ಹೇಳಿದರೆ ಮನೆಯವರು ನಗುತ್ತಾರೆ. ನಗಲಿ.

ನಮ್ಮ ಮೇಲಿನವಳು ಮಾರ್ಗರೆಟ್. ಎತ್ತರದ ಹೆಂಗಸು, ಕನ್ನಡಕ ಸದಾ ಮೂಗಿನ ತುದಿಯಲ್ಲಿ. ಪಿಪೆಟ್ಟಿನ ಟಿಕ್ ಸದ್ದು ಕೇಳಿಯೇ ಯಾರ ಕೈ ಅವಸರದಲ್ಲಿದೆ ಎಂದು ಗುರುತಿಸುತ್ತಿದ್ದಳು. ಆ ಕಾಲದಲ್ಲಿ ಯಂತ್ರ ಅಂಕಿ ಕೊಡುತ್ತಿರಲಿಲ್ಲ. ಫಿಲ್ಮಿನ ಮೇಲೆ ಕಪ್ಪು ಪಟ್ಟಿಗಳು ಮೂಡುತ್ತಿದ್ದವು. ಯಾವ ಪಟ್ಟಿ ಹೆಚ್ಚು ಕಪ್ಪು ಎಂದು ಕಣ್ಣಳತೆಯಲ್ಲಿ ಹೇಳಬೇಕಿತ್ತು. ಮೂವರು ಬೇರೆ ಬೇರೆಯಾಗಿ ನೋಡಿ, ಚೀಟಿಯಲ್ಲಿ ಬರೆದು ಮಡಚಿ ಅವಳ ಮೇಜಿನ ಮೇಲೆ ಇಡಬೇಕು. ಮೂರೂ ಚೀಟಿ ಒಂದೇ ಆದರೆ ರಿಪೋರ್ಟು, ಇಲ್ಲವಾದರೆ ಮತ್ತೆ ಮೊದಲಿನಿಂದ. ನನ್ನದೂ ವತ್ಸಲಾಳದೂ ಯಾವಾಗಲೂ ಒಂದೇ ಇರುತ್ತಿದ್ದವು. ಕಾಪಿ ಹೊಡೆಯುತ್ತೀರಿ ಎಂದು ಮಾರ್ಗರೆಟ್ ನಮ್ಮನ್ನು ಆ ಕೆಲಸಕ್ಕೆ ಮಾತ್ರ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದಳು. ಆಮೇಲೂ ಒಂದೇ ಬರುತ್ತಿತ್ತು.

ಪಟ್ಟಿ ಹೋಗಿ ಹೊಸ ವಿಧಾನ ಬಂತು. ಜೀನಿನ ಹಲವು ಜಾಗಗಳಿಗೆ ಸಣ್ಣ ತುಣುಕುಗಳನ್ನು ಅಂಟಿಸಿ, ಅವನ್ನು ಬೆಳೆಸಿ, ಯಂತ್ರದಲ್ಲಿ ಹಾಯಿಸಿದರೆ ಪರದೆಯ ಮೇಲೆ ಸಾಲಾಗಿ ಗುಡ್ಡಗಳು ಮೂಡುತ್ತವೆ. ಗುಡ್ಡದ ಎತ್ತರ ನೋಡಿ ಪ್ರತಿಗಳನ್ನು ಎಣಿಸಬಹುದು. ಹೊಸದರ ಹುಮ್ಮಸ್ಸಿನಲ್ಲಿ ನಾನು ಒಂದು ದೊಡ್ಡ ಎಡವಟ್ಟು ಮಾಡಿದೆ. ನಮಗೆ ರಕ್ತ ಬರಬೇಕಾದದ್ದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ. ಒಬ್ಬ ಬಸ್ ಡ್ರೈವರನ ರಕ್ತ ಹಸಿರು ಮುಚ್ಚಳದ್ದರಲ್ಲಿ ಬಂತು. ಹಸಿರು ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಔಷಧ ನಮ್ಮ ತುಣುಕುಗಳು ಬೆಳೆಯುವುದನ್ನೇ ತಡೆಯುತ್ತದೆ. ನಾನು ಮುಚ್ಚಳ ನೋಡಲಿಲ್ಲ, ಗುಡ್ಡ ತಗ್ಗಾಗಿದೆ ಎಂದು ಮಾತ್ರ ನೋಡಿದೆ, ‘ಒಂದು ಪ್ರತಿ ಇಲ್ಲ’ ಎಂದು ಬರೆದೆ. ಮಾರ್ಗರೆಟ್ ರಿಪೋರ್ಟು ತಡೆದು ನನ್ನನ್ನು ಕರೆದಳು. ಬೈಯಲಿಲ್ಲ. ಕ್ಲಿನಿಕ್ಕಿಗೆ ನೀನೇ ಫೋನು ಮಾಡು, ಹೊಸ ರಕ್ತ ಕೇಳು, ಯಾಕೆ ಎಂದು ನಿನ್ನ ಬಾಯಿಂದಲೇ ಹೇಳು ಎಂದಳು. ಹೊಸ ರಕ್ತದಲ್ಲಿ ಉತ್ತರ ಸರಿಯಾಗಿ ಒಂದು. ಮೇಘನಾ, ಇದನ್ನು ಓದುತ್ತಿದ್ದರೆ ಮೊದಲು ಮುಚ್ಚಳದ ಬಣ್ಣ ನೋಡು.

ಇನ್ನೊಂದು ಪ್ರಕರಣ ಲಿವರ್‌ಮೋರಿನದು. ದ್ರಾಕ್ಷಿ ತೋಟದಲ್ಲಿ ಬಳ್ಳಿ ಕತ್ತರಿಸುವ ಒಬ್ಬಾತ. ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡಿ ಏಳುವಾಗ ಒಂದು ದಿನ ಬಲಗಾಲು ಏಳಲೇ ಇಲ್ಲ. ನಾಟಕ ಮಾಡುತ್ತಾನೆ ಎಂದು ಮೇಸ್ತ್ರಿ ಕೆಲಸದಿಂದ ತೆಗೆದಿದ್ದ. ನಮ್ಮ ಪರೀಕ್ಷೆಯಲ್ಲಿ ಉತ್ತರ ಅರ್ಧ ಬಂತು. ನಾಟಕವಲ್ಲ ಎಂದು ಕಾಗದದ ಮೇಲೆ ಸಾಬೀತಾಯಿತು. ಅವನು ಆಮೇಲೆ ನಿಂತು ಮಾಡುವ ಕೆಲಸಕ್ಕೆ ಹೋದನೆಂದು ಅವನ ಡಾಕ್ಟರು ತಿಳಿಸಿದರು. ಆ ದಿನ ಕಾರಿನಲ್ಲಿ ವತ್ಸಲಾ, “ಕುಕ್ಕರಗಾಲಲ್ಲಿ ಕೂತ್ರೆ ನನಗೂ ಏಳಕ್ಕಾಗಲ್ಲ ಕಣೇ. ನಾನೂ ಕೆಲಸ ಬಿಡ್ಲಾ?” ಎಂದು ನಗಿಸಿದಳು. ನಾನೂ ನಕ್ಕೆ. ಇಬ್ಬರೂ ದಿನವಿಡೀ ಅದನ್ನೇ ಅಳೆಯುವವರು, ಇಬ್ಬರಿಗೂ ಹೊಳೆಯಲಿಲ್ಲ.

ಯಾಕೆ ಹೊಳೆಯಲಿಲ್ಲ ಎಂದರೆ ನಮಗೆ ಅದು ಜೋಮು. ಜೋಮು ಯಾರಿಗೆ ಹಿಡಿಯುವುದಿಲ್ಲ? ಲಿವರ್‌ಮೋರಿನ ದೇವಸ್ಥಾನದಲ್ಲಿ ಸತ್ಯನಾರಾಯಣ ಕಥೆ ಮುಗಿದು ಮಂಗಳಾರತಿಗೆ ಎಲ್ಲರೂ ಎದ್ದರೆ ವತ್ಸಲಾ ಮಾತ್ರ ಕುಳಿತೇ ಇರುತ್ತಿದ್ದಳು. “ಜೋಮು ಹಿಡಿದಿದೆ, ಕೈ ಕೊಡೇ,” ಎನ್ನುತ್ತಿದ್ದಳು. ನಾನು ಎಬ್ಬಿಸಿ ನಿಲ್ಲಿಸುತ್ತಿದ್ದೆ. ಅವಳು ಪಾದ ಎಳೆಯುತ್ತಾ ತೀರ್ಥಕ್ಕೆ ಬರುತ್ತಿದ್ದಳು. ಹದಿನಾರು ವರ್ಷದಲ್ಲಿ ಎಷ್ಟು ಸಲ ಎಬ್ಬಿಸಿದ್ದೇನೋ ಗೊತ್ತಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಜನ ನಾವು. ಜೋಮು ಕಾಯಿಲೆ ಎಂದು ಯಾರಾದರೂ ಹೇಳಿದ್ದರೆ ಅವರ ತಲೆಯನ್ನೇ ಪರೀಕ್ಷೆಗೆ ಕಳಿಸುತ್ತಿದ್ದೆವು.

ಈಗ ಆ ಟ್ಯೂಬಿನ ವಿಷಯಕ್ಕೆ ಬರುತ್ತೇನೆ. ಹೋಲಿಕೆಗೆ ಆರೋಗ್ಯವಂತರ ಡಿಎನ್‌ಎ ಬೇಕು ಎಂದೆನಲ್ಲ. ನಮ್ಮಲ್ಲಿದ್ದ ಹಳೆಯದು ಮುಗಿಯುತ್ತಾ ಬಂದಿತ್ತು. ಆಗ ಬಹಳ ಕಡೆ ಇದ್ದ ಪದ್ಧತಿಯಂತೆ ಲ್ಯಾಬಿನವರೇ ರಕ್ತ ಕೊಡುವುದೆಂದಾಯಿತು. ಎಂಟು ಜನ ಕೊಟ್ಟೆವು. ಕೈಕಾಲು ಮರಗಟ್ಟುವ ತೊಂದರೆ ಇದೆಯೇ ಎಂದು ಫಾರಮ್ಮಿನಲ್ಲಿ ಇಂಗ್ಲಿಷಿನಲ್ಲಿ ಕೇಳಿತ್ತು. ಇಲ್ಲ ಎಂದು ಎಂಟೂ ಜನ ಬರೆದೆವು. ಯಾವ ಟ್ಯೂಬು ಯಾರದು ಎಂದು ಯಾರಿಗೂ ಗೊತ್ತಾಗಬಾರದು ಎಂಬುದು ಕಟ್ಟುನಿಟ್ಟು. ಯಾರೂ ಗುರುತಿಸಲಾಗದ ಏನಾದರೂ ಗುರುತು ಹಾಕಿ ಕಲಸಿಬಿಡು ಎಂದು ಮಾರ್ಗರೆಟ್ ಆ ಕೆಲಸವನ್ನು ವತ್ಸಲಾಳಿಗೆ ಕೊಟ್ಟಳು.

ವತ್ಸಲಾ ಕನ್ನಡ ಅಕ್ಷರ ಬರೆದಳು. ಅದೂ ಹೆಸರಿನ ಮೊದಲ ಅಕ್ಷರ. ಮಾರ್ಗರೆಟ್‌ಗೆ ‘ಮಾ’, ನನಗೆ ‘ಸು’, ತನಗೆ ‘ವ’. ಮಾರ್ಗರೆಟ್ ಅವನ್ನು ನೋಡಿ, ಎಷ್ಟು ಚೆಂದದ ಚಿತ್ರಗಳು ಎಂದು ಹೊಗಳಿದಳು. ನಾನು ಮೆಲ್ಲಗೆ, “ಏನ ವತ್ಸಲಾ, ಗೊತ್ತಾಗಬಾರದು ಅಂದ್ರ ಹೆಸರ ಬರದೀಯಲ್ಲ?” ಎಂದೆ.

“ಇಲ್ಲಿ ಯಾರಿಗೆ ಓದಕ್ಕೆ ಬರತ್ತೆ ಹೇಳು.”

“ನನಗ ಬರ್ತದಲ್ಲ.”

“ನೀನು ನಾನು ಬೇರೇನಾ? ಹೋಗೇ,” ಎಂದು ಟ್ಯೂಬುಗಳನ್ನು ಫ್ರೀಜರಿಗೆ ಇಟ್ಟಳು.

ಮುಂದಿನ ವಾರ ಅವಳು ತಮ್ಮನ ಮಗಳ ಮದುವೆಗೆಂದು ಮೈಸೂರಿಗೆ ಹೋದಳು. ಎಂಟು ಟ್ಯೂಬುಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಕೆಲಸ ನನ್ನದಾಯಿತು. ಏಳು ಸರಿಯಾಗಿದ್ದವು. ಎಂಟನೆಯದರಲ್ಲಿ ನಮ್ಮ ಜೀನಿನ ಜಾಗದಲ್ಲೆಲ್ಲ ಗುಡ್ಡಗಳು ಅರ್ಧಕ್ಕೆ ನಿಂತಿದ್ದವು. ಮುಚ್ಚಳ ನೋಡಿದೆ, ನೇರಳೆ. ಮತ್ತೆ ಮಾಡಿದೆ, ಅರ್ಧ. ಹೊಸದಾಗಿ ಡಿಎನ್‌ಎ ತೆಗೆದು ಮೂರನೆಯ ಸಲ ಮಾಡಿದೆ, ಅರ್ಧ. ಟ್ಯೂಬನ್ನು ಕೈಯಲ್ಲಿ ತಿರುಗಿಸಿದೆ. ಅವಳ ದುಂಡನೆಯ ಅಕ್ಷರದಲ್ಲಿ ‘ವ’. ದೇವಸ್ಥಾನದಲ್ಲಿ ಎಬ್ಬಿಸುವಾಗ ಅವಳು ಎಳೆಯುತ್ತಿದ್ದ ಪಾದ ಆಗ ನೆನಪಿಗೆ ಬಂತು.

ಮಾರ್ಗರೆಟ್‌ಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, “ಇದನ್ನು ಹೋಲಿಕೆಯ ಗುಂಪಿನಿಂದ ತೆಗೆ. ಯಾರದೆಂದು ನಮಗೆ ಗೊತ್ತಿಲ್ಲ, ತಿಳಿಯಲು ಪ್ರಯತ್ನಿಸಲೂಬಾರದು. ಒಪ್ಪಿ ಸಹಿ ಹಾಕಿದ್ದು ಆ ಷರತ್ತಿನ ಮೇಲೆ,” ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಗೊತ್ತಿಲ್ಲ ಎಂಬುದೊಂದು ಮಾತ್ರ ಸುಳ್ಳು. ನನಗೆ ಓದಲು ಬರುತ್ತದೆ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಹೇಳಿದರೆ ವತ್ಸಲಾ ನಿಯಮ ಮುರಿದದ್ದು ಹೊರಬೀಳುತ್ತಿತ್ತು. ಹೇಳದಿದ್ದರೆ ನಿಯಮ ಪಾಲಿಸಿದಂತೆಯೂ ಆಗುತ್ತದೆ, ಗೆಳತಿಯನ್ನು ಉಳಿಸಿದಂತೆಯೂ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಟ್ಯೂಬನ್ನು ಕಸಕ್ಕೆ ಹಾಕಿದೆ.

ವತ್ಸಲಾ ಮದುವೆ ಮುಗಿಸಿ, ನನಗೊಂದು ಇಳಕಲ್ ಸೀರೆ ಹಿಡಿದುಕೊಂಡು ಬಂದಳು. ಇಳಕಲ್ ಸೀರೆಯನ್ನು ಮೈಸೂರಿನಲ್ಲಿ ಕೊಂಡ ಜಾಣೆ ನೀನೊಬ್ಬಳೇ ಎಂದು ಹಾಸ್ಯ ಮಾಡಿದೆ. ಕಾರಿನಲ್ಲಿ ಕೂರುತ್ತಲೇ, “ನಮ್ಮ ಟ್ಯೂಬುಗಳೆಲ್ಲಾ ಪಾಸಾದ್ವಾ?” ಎಂದು ಕೇಳಿದಳು.

“ಒಂದ ಕೆಟ್ಟಿತ್ತು. ತಗದ್ವಿ.”

“ಯಾರ್ದು?”

“ಗೊತ್ತಿಲ್ಲ,” ಎಂದೆ.

ಆ ಒಂದು ಮಾತು. ಅವಳು ಮದುವೆಯ ಊಟದ ಸುದ್ದಿಗೆ ಹೋದಳು.

ಮೂರು ತಿಂಗಳ ಮೇಲೆ ಅವಳಿಗೆ ಗರ್ಭಕೋಶ ತೆಗೆಯುವ ಆಪರೇಷನ್ ನಿಗದಿಯಾಯಿತು. ಗಂಟೆಗಟ್ಟಲೆ ಕಾಲು ಮಡಚಿ, ಎತ್ತಿ ಕಟ್ಟಿ ಮಲಗಿಸುತ್ತಾರೆ. ಒಂದೇ ಪ್ರತಿ ಇರುವವರಿಗೆ ಮೊಣಕಾಲಿನ ಪಕ್ಕದ ನರ ಅಲ್ಲಿ ಒತ್ತಿಹೋದರೆ ಪಾದ ಎತ್ತಲಾಗದೆ ಜೋತುಬೀಳುತ್ತದೆ. ಮೊದಲೇ ತಿಳಿದಿದ್ದರೆ ಅರಿವಳಿಕೆ ಡಾಕ್ಟರು ಮೆತ್ತೆ ಇಟ್ಟು, ಆಗಾಗ ಕಾಲು ಸಡಿಲಿಸಿ ಕಾಪಾಡಬಹುದು. ಇದು ನನಗೆ ಬಾಯಿಪಾಠ. ಎಷ್ಟೋ ರಿಪೋರ್ಟುಗಳ ಕೊನೆಯ ಸಾಲು ಅದೇ.

ಆಪರೇಷನ್ನಿನ ಹಿಂದಿನ ಶುಕ್ರವಾರ ನಾನು ಕಾರು ಓಡಿಸುತ್ತಿದ್ದೆ. ಸೇತುವೆಯ ಮೇಲೆ ಟ್ರಾಫಿಕ್ಕು ನಿಂತಿತ್ತು. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. “ಡಾಕ್ಟರಿಗೆ ಎಲ್ಲಾ ಹೇಳಿಯೇನು? ಕಾಲಿಗೆ ಜೋಮು ಹಿಡೀತದಲ್ಲ, ಅದನ್ನೂ ಹೇಳು,” ಎಂದೆ.

“ಜೋಮನ್ನೂ ಹೇಳ್ಬೇಕಾ? ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ? ನಗ್ತಾರೆ ಕಣೇ,” ಎಂದಳು.

“ನಗಲಿ, ಹೇಳು.”

“ಆಯ್ತು ತಾಯಿ, ಹೇಳ್ತೀನಿ,” ಎಂದು ರೇಡಿಯೋ ಹಾಕಿದಳು. ಟ್ರಾಫಿಕ್ಕು ಸರಿಯಿತು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು ಎಂದು ನಾನು ಸಮಾಧಾನಪಟ್ಟುಕೊಂಡೆ.

ಅವಳು ಹೇಳಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದಾಗ ಎಡಪಾದ ಏಳಲಿಲ್ಲ. ಒಂದು ದಿನ ಕಾದರು, ಒಂದು ವಾರ ಕಾದರು. ನರಗಳ ಡಾಕ್ಟರು ಬಂದು ನೋಡಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಅದು ನಮ್ಮ ಲ್ಯಾಬಿಗೇ ಬಂತು. ಈ ಸಲ ಟ್ಯೂಬಿನ ಮೇಲೆ ಪೂರ್ತಿ ಹೆಸರು, ಇಂಗ್ಲಿಷಿನಲ್ಲಿ. ಮಾರ್ಗರೆಟ್ ಅದನ್ನು ನನ್ನ ಕೈಗೆ ಕೊಡದೆ ತಾನೇ ಮಾಡಿದಳು. ಉತ್ತರ ನನಗೆ ಮೊದಲೇ ಗೊತ್ತಿತ್ತು.

ಎರಡು ತಿಂಗಳ ಮೇಲೆ ವತ್ಸಲಾ ಕಾಲಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ಲ್ಯಾಬಿಗೆ ಬಂದಳು. ಎಲ್ಲರೂ ಸುತ್ತುವರಿದರು, ಕೇಕು ಕತ್ತರಿಸಿದರು. ಎಲ್ಲರೂ ಚದುರಿದ ಮೇಲೆ ನನ್ನ ಬೆಂಚಿನ ಹತ್ತಿರ ಬಂದು ಸ್ಟೂಲಿನ ಮೇಲೆ ಕುಳಿತಳು.

“ಆಗ ಒಂದು ಟ್ಯೂಬು ಕೆಟ್ಟಿತ್ತು ಅಂದ್ಯಲ್ಲ. ಯಾವ ಅಕ್ಷರ?”

ನಾನು ತಲೆ ತಗ್ಗಿಸಿದೆ. “ವ,” ಎಂದೆ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟು ಚೆನ್ನಾಗಿತ್ತು. ತನ್ನ ಡ್ರಾಯರಿನಿಂದ ಊಟದ ಡಬ್ಬಿ, ಸ್ವೆಟರು, ಅನುವಿನ ಫೋಟೋ ತೆಗೆದು ಚೀಲಕ್ಕೆ ಹಾಕಿಕೊಂಡಳು. ಬಾಗಿಲವರೆಗೆ ಪಾದ ಎತ್ತಿ ಎತ್ತಿ ಇಡುತ್ತಾ ಹೋದಳು. ಕೈ ಕೊಡೇ ಎಂದು ಕೇಳಲಿಲ್ಲ. ಆಮೇಲೆ ಕೆಲಸ ಬಿಟ್ಟು ಸ್ಯಾಕ್ರಮೆಂಟೋ ಕಡೆ ಮನೆ ಮಾಡಿದಳು ಎಂದು ಬೇರೆಯವರಿಂದ ತಿಳಿಯಿತು. ಪಾದ ಮುಕ್ಕಾಲು ಪಾಲು ಸರಿಹೋಯಿತಂತೆ. ನನ್ನ ಫೋನನ್ನು ಅವಳು ಎತ್ತಲಿಲ್ಲ. ದೀಪಾವಳಿ, ಯುಗಾದಿಗೆ ಕಳಿಸಿದ ಕಾರ್ಡುಗಳಿಗೆ ಉತ್ತರವಿಲ್ಲ.

ನಾನು ಒಬ್ಬಳೇ ಓಡಾಡತೊಡಗಿದೆ. ಒಬ್ಬರೇ ಇದ್ದರೆ ಕಾರ್‌ಪೂಲ್ ಲೇನಿಗೆ ಹೋಗುವ ಹಾಗಿಲ್ಲ. ಪಕ್ಕದ ಲೇನಿನಲ್ಲಿ ಇಬ್ಬಿಬ್ಬರು ಕುಳಿತ ಕಾರುಗಳು ಸರಸರನೆ ಮುಂದೆ ಹೋಗುವಾಗ ಒಳಗಿನವರು ಮಾತಾಡುತ್ತಿರುವುದು ಕಾಣುತ್ತಿತ್ತು. ಇಲ್ಲದವಳಿಗೆ ಲ್ಯಾಬಿನ ಸುದ್ದಿಯೆಲ್ಲ ಮನಸ್ಸಿನಲ್ಲೇ ಹೇಳುತ್ತಿದ್ದೆ. ಗುಡ್ಡಗಳನ್ನು ಕಂಪ್ಯೂಟರೇ ಅಳೆಯುವ ಹಾಗಾಯಿತು ವತ್ಸಲಾ. ಇಡೀ ಜೀನುಗಳ ಕಟ್ಟನ್ನೇ ಒಮ್ಮೆಗೆ ಓದುವ ಯಂತ್ರ ಬಂತು, ಆದರೂ ಪ್ರತಿ ಎಣಿಸುವಾಗ ನಮ್ಮ ಹಳೆಯ ವಿಧಾನಕ್ಕೇ ಖಚಿತ ಮಾಡಿಕೊಳ್ಳಲು ಬರುತ್ತಾರೆ ವತ್ಸಲಾ. ಸಿಬ್ಬಂದಿಯ ರಕ್ತ ಈಗ ಯಾರೂ ತೆಗೆದುಕೊಳ್ಳುವುದಿಲ್ಲ, ನಿಲ್ಲಿಸಿದರು ವತ್ಸಲಾ. ಇಷ್ಟು ವರ್ಷ ಕಳೆದರೂ ಪಕ್ಕದ ಸೀಟಿನಲ್ಲಿ ಅವಳಿದ್ದಾಳೆ ಎಂದು ಬ್ರೇಕು ಹಾಕುವಾಗ ಅವಳನ್ನು ತಡೆಯಲು ಬಲಗಡೆಗೆ ಕೈ ಚಾಚುತ್ತಿದ್ದೆ.

ಮಾರ್ಗರೆಟ್ ನಿವೃತ್ತಳಾಗುವ ದಿನ ಅವಳಿಗೆ ಎಲ್ಲವನ್ನೂ ಹೇಳಿದೆ. ಅಕ್ಷರಗಳದ್ದು, ಗೊತ್ತಿಲ್ಲ ಎಂದದ್ದು, ಸೇತುವೆಯದ್ದು. ಅವಳು ಕನ್ನಡಕ ತೆಗೆದಿಟ್ಟಳು. “ನಿನಗೆ ಓದಲು ಬರುತ್ತದೆ ಎಂದು ನನಗೆ ಹೇಳಬಹುದಿತ್ತು. ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. ಬೇಕಾದವರು ತಮ್ಮ ಡಾಕ್ಟರ ಮೂಲಕ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಎಂಟೂ ಜನರಿಗೆ ಒಂದು ಪತ್ರ ಕೊಡುತ್ತಿದ್ದೆ,” ಎಂದಳು. ಅಷ್ಟೇ. ಇಷ್ಟು ಸುಲಭದ ದಾರಿ. ನಾನು ಹೇಳುವುದು, ಹೇಳದಿರುವುದು ಎಂಬ ಎರಡನ್ನೇ ಕಂಡಿದ್ದೆ. ಎಂಟು ಪತ್ರಗಳು ನನ್ನ ತಲೆಗೆ ಬಂದೇ ಇರಲಿಲ್ಲ. ಆವತ್ತು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕುಳಿತು ಅತ್ತೆ. ಮೇಘನಾ, ನಿನಗೆ ಹೇಳದೆ ಬಿಟ್ಟದ್ದು ಇದು. ಗೊತ್ತಾಗಬಾರದ್ದು ಗೊತ್ತಾದರೆ ಒಬ್ಬಳೇ ಹೊತ್ತುಕೊಂಡು ಕೂರಬೇಡ, ಮೇಲಿನವರಿಗೆ ಅದೇ ದಿನ ಹೇಳು.

ಇದು ಇಲ್ಲಿಗೇ ಮುಗಿಯಿತೆಂದು ನಾನು ತಿಳಿದಿದ್ದೆ. ಕೆಲವು ತಿಂಗಳ ಹಿಂದೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ಹಾಯ್ ಆಂಟಿ, ದಿಸ್ ಈಸ್ ಅನು. ವತ್ಸಲಾ ಮಗಳು.”

ನಾನು ಗ್ಯಾಸ್ ಆರಿಸಿ ಕುಳಿತೆ. ಅವಳು ಎಂಟು ತಿಂಗಳ ಬಸುರಿ. ಕೈ ಪದೇ ಪದೇ ಮರಗಟ್ಟುತ್ತಿತ್ತು, ಪರೀಕ್ಷೆ ಮಾಡಿಸಿದ್ದಾಳೆ. ರಿಪೋರ್ಟು ಬಂದಿದೆ, ಡಾಕ್ಟರು ಸಿಗುವುದು ಮುಂದಿನ ವಾರ. “ಐ ಡೋಂಟ್ ಅಂಡರ್‌ಸ್ಟ್ಯಾಂಡ್ ದ ನಂಬರ್ಸ್, ಆಂಟಿ. ಅಮ್ಮ ಸೆಡ್ ನೀವು ಓದ್ಬೇಕು ಅಂತ. ಓನ್ಲಿ ಯು.”

ಅಮ್ಮ ಹೇಳಿದಳೇ ಎಂದು ಎರಡು ಸಲ ಕೇಳಿದೆ. ಆ ಅಂಕಿಗಳನ್ನು ಓದಲು ವತ್ಸಲಾಳಿಗೇ ಬರುತ್ತಿತ್ತು. ಅನು ರಿಪೋರ್ಟು ಕಳಿಸಿದಳು. ಕನ್ನಡಕ ಹಾಕಿಕೊಂಡು ಓದಿದೆ. ನಮ್ಮ ಜೀನಿನ ಸಾಲು ಪೂರ್ತಿ ಅರ್ಧ, ಅರ್ಧ, ಅರ್ಧ.

“ನಿನಗೂ ಅದ ಅನು. ಒಂದ ಪ್ರತಿ ಇಲ್ಲ. ನಿಮ್ಮ ಅಮ್ಮಂದ ಹಂಗ,” ಎಂದೆ. ಸುತ್ತಿ ಬಳಸದೆ ಹೇಳಿದೆ.

“ಓಕೆ,” ಎಂದಳು, ಸಣ್ಣ ದನಿಯಲ್ಲಿ. ಆಮೇಲೆ, “ಸ್ಪೀಕರ್ ಆನ್ ಇದೆ ಆಂಟಿ. ಅಮ್ಮ ಈಸ್ ರೈಟ್ ಹಿಯರ್. ಕೇಳ್ತಾ ಇದಾಳೆ.”

ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು. ಹದಿನಾರು ವರ್ಷ ಪಕ್ಕದಲ್ಲಿ ಕೇಳಿದ ಸದ್ದು, ನನಗೆ ಗುರುತು ಹಿಡಿಯಲು ಏನೂ ಬೇಕಾಗಲಿಲ್ಲ. ಹೇಳಬೇಕೆಂದು ವರ್ಷಗಟ್ಟಲೆ ಕಾರಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ವತ್ಸಲಾ, ನಂದು ತಪ್ಪಾತು,” ಎಂದೆ. “ನನಗ ಗೊತ್ತಿತ್ತು. ಗೊತ್ತಿಲ್ಲ ಅಂದೆ.”

ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಕಟ್ಟಾಗಿರಲಿಲ್ಲ.

“ಅದು ಆಮೇಲೆ,” ಎಂದಳು ವತ್ಸಲಾ. “ಮೊದಲು ಅನುಗೆ ಹೇಳು, ಹೆರಿಗೆ ಟೈಮಲ್ಲಿ ಡಾಕ್ಟರಿಗೆ ಏನೇನು ಹೇಳ್ಬೇಕು ಅಂತ. ಒಂದೂ ಬಿಡ್ಬೇಡ.”

ಒಂದೂ ಬಿಡಲಿಲ್ಲ. ಕಾಲು ಬಹಳ ಹೊತ್ತು ಮಡಚಿ ಹಿಡಿಯಬಾರದು, ಮೊಣಕಾಲಿನ ಪಕ್ಕ ಯಾರೂ ಕೈಯಿಂದ ಅದುಮಿ ಹಿಡಿಯಬಾರದು, ಸೊಂಟಕ್ಕೆ ಅರಿವಳಿಕೆ ಕೊಟ್ಟರೆ ನೋವು ತಿಳಿಯುವುದಿಲ್ಲವಾದ್ದರಿಂದ ಆಗಾಗ ಮಗ್ಗುಲು ಬದಲಿಸಬೇಕು, ಮೊಣಕೈ ಕೆಳಗೆ ಮೆತ್ತೆ ಇಡಬೇಕು. ಅನು ಇಂಗ್ಲಿಷಿನಲ್ಲಿ ಬರೆದುಕೊಂಡಳು. ನಡುವೆ ಎರಡು ಸಲ ವತ್ಸಲಾ, “ಇನ್ನೊಂದ್ಸಲ ಹೇಳು,” ಎಂದಳು. ಇನ್ನೊಂದು ಸಲ ಹೇಳಿದೆ. ಮುಗಿದ ಮೇಲೆ ಅನು ಥ್ಯಾಂಕ್ಯೂ ಎಂದು ಫೋನಿಟ್ಟಳು.

ಮಗು ಹುಟ್ಟಿ ಆರು ವಾರವಾಯಿತು. ಹೆಣ್ಣು. ಅನು ಫೋಟೋ ಕಳಿಸಿದ್ದಳು. ನಾನು ಮೂರನೆಯ ದಿನವೇ ಎದ್ದು ಓಡಾಡಿದೆ, ನನ್ನ ಎರಡೂ ಪಾದ ಸರಿಯಾಗಿವೆ ಎಂದು ಬರೆದಿದ್ದಳು. ವತ್ಸಲಾ ಆಮೇಲೆ ಎಂದದ್ದು ಯಾವಾಗ ಎಂದು ನಾನು ಕೇಳಿಲ್ಲ. ವಾಕಿಂಗಿಗೆ ಹೋಗುವಾಗಲೂ ಈಗ ಫೋನು ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.